ಒಗ್ಗರಣೆ ಸೌಟು ಯಾರದು?

ಕಳೆದ ದಸರಾ ರಜೆಗೆ ಊರಿಗೆ ಹೋದಾಗ ಅಮ್ಮನ ಒಗ್ಗರಣೆ ಸೌಟನ್ನು ನಾಲ್ಕು ದಿನ ನಾನು ಇಟ್ಟುಕೊಂಡಿದ್ದೆ. ಕಬ್ಬಿಣದ ಸೌಟು ಅದು, ಹೊಗೆ ಕುಡಿದು ಕುಡಿದು ಕಪ್ಪಾದದ್ದು. ನಡುಮನೆಯ ಕಿಟಕಿಯ ಕೆಳಗೆ ಒಂದು ಸ್ಟೂಲು ಇಟ್ಟು, ಅದರ ಮೇಲೆ ಮಾಸಲು ಪಂಚೆ ಹಾಸಿ, ಹಿತ್ತಾಳೆ ಚೆಂಬು, ಎರಡು ಬದನೆಕಾಯಿ, ಒಂದು ಕಡಿ ತೆಂಗಿನಕಾಯಿ, ಪಕ್ಕಕ್ಕೆ ಒರಗಿಸಿದ ಹಾಗೆ ಈ ಸೌಟು ಜೋಡಿಸಿದ್ದೆ. ಹಿತ್ತಾಳೆಯ ಹೊಳಪಿನ ಪಕ್ಕದಲ್ಲಿ ಆ ಕಪ್ಪು ಬಹಳ ಚೆನ್ನಾಗಿ ಕಾಣುತ್ತಿತ್ತು. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಮಾತ್ರ ಆ ಕಿಟಕಿಯಲ್ಲಿ ನನಗೆ ಬೇಕಾದ ಬೆಳಕು. ಹಾಗಾಗಿ ಒಂದು ಚಿತ್ರಕ್ಕೆ ಮೂರು ನಾಲ್ಕು ದಿನ ಹಿಡಿಯುತ್ತದೆ. ಮನೆಯವರಿಗೆಲ್ಲ ಹೇಳಿದ್ದೆ: ಯಾರೂ ಮುಟ್ಟಬೇಡಿ, ಒಂದಿಂಚು ಅಲುಗಾಡಿದರೂ ನೆರಳು ಬದಲಾಗುತ್ತದೆ.

ಯಾರೂ ಮುಟ್ಟಲಿಲ್ಲ. ನಾಲ್ಕನೆಯ ದಿನ ಆಯುಧಪೂಜೆ. ಅಮ್ಮ ಈಳಿಗೆಮಣೆ, ಚಾಕು, ಮಿಕ್ಸಿ ಎಲ್ಲ ತೊಳೆದು ದೇವರ ಮುಂದೆ ಇಡುತ್ತಿದ್ದವಳು ನನ್ನ ಬಳಿ ಬಂದು, "ಇವತ್ತಾದ್ರೂ ಸೌಟು ಕೊಡ್ತೀಯೇನೇ? ಪೂಜೆಗೆ ಇಡ್ಬೇಕು" ಎಂದು ಕೈ ಚಾಚಿದಳು. ಆ ಕೈಯ ಮಣಿಕಟ್ಟಿನ ಮೇಲೆ ಎರಡು ಬೊಬ್ಬೆಗಳಿದ್ದವು. ಒಂದು ಆಗಲೇ ಒಡೆದು ಒಣಗುತ್ತಿತ್ತು.

"ಏನಮ್ಮ ಇದು?"

"ಏನೂ ಇಲ್ಲ. ಆ ಹಿಡಿ ಸಡಿಲ ಇರೋ ಬಾಣಲೇಲಿ ಒಗ್ಗರಣೆ ಹಾಕ್ತಿದ್ದೆ, ಎಣ್ಣೆ ಹಾರ್ತು."

"ಸೌಟು ತಗೊಂಡು ಹೋಗ್ಬಾರದಿತ್ತಾ?"

"ನೀನೇ ಹೇಳಿದ್ಯಲ್ಲ, ಮುಟ್ಬೇಡಿ ಅಂತ."

ಅಮ್ಮ ಅದನ್ನು ದೂರಿನ ದನಿಯಲ್ಲಿ ಹೇಳಲಿಲ್ಲ. ಅದೇ ನನಗೆ ಹೆಚ್ಚು ತಾಗಿತು. ಬೊಬ್ಬೆ ಬಂದು ಎರಡು ದಿನವಾಗಿತ್ತು. ಆ ಎರಡು ದಿನವೂ ಅವಳ ಕೈಯಿಂದಲೇ ಬಡಿಸಿಕೊಂಡು ಉಂಡಿದ್ದೆ. ಸೌಟಿನ ಅಂಚಿನಲ್ಲಿ ಬೆಳಕು ಕೂದಲೆಳೆಯಷ್ಟು ನೀಲಿಯಾಗಿ ಕಾಣುವುದನ್ನು ಗಮನಿಸಿದ್ದ ನನಗೆ ಆ ಕೈ ಕಂಡಿರಲಿಲ್ಲ. ಅಲ್ಲಿಂದ ಈಚೆಗೆ ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ವಸ್ತುಗಳನ್ನು ಇಷ್ಟು ಗಮನವಿಟ್ಟು ನೋಡುವ ಅಭ್ಯಾಸ ಮನುಷ್ಯರನ್ನು ಒಳ್ಳೆಯವರನ್ನಾಗಿ ಮಾಡುತ್ತದೆ ಎಂದು ನಾನು ನಂಬಿದ್ದೆ. ಆ ನಂಬಿಕೆ ಎಷ್ಟರಮಟ್ಟಿಗೆ ನಿಜ?

*

ನನಗೆ ಈ ಹವ್ಯಾಸ ಹತ್ತಿದ್ದು ಸಂಶೋಧನೆಯ ಕಾರಣಕ್ಕೆ. ನನ್ನ ಪಿಎಚ್.ಡಿ. ವಿಷಯ 17ನೆಯ ಶತಮಾನದ ಕರಾವಳಿ ವ್ಯಾಪಾರ. ಕೆಳದಿ ನಾಯಕರ ಕಾಲದಲ್ಲಿ ಡಚ್ಚರು ಬಸರೂರಿನಂಥ ಬಂದರುಗಳಲ್ಲಿ ಅಕ್ಕಿ, ಕಾಳುಮೆಣಸು ಕೊಂಡ ಕಥೆ. ಅಂಕಿಗಳಲ್ಲೇ ಮುಳುಗಿ ಬೇಸತ್ತಿದ್ದ ಒಂದು ರಾತ್ರಿ, ಈ ಮೆಣಸು ಆ ದೇಶದ ಮನೆಗಳಲ್ಲಿ ಹೇಗೆ ಕಾಣುತ್ತಿತ್ತು ಎಂದು ಹುಡುಕುತ್ತ ಹೋದೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿರುವ ಪೀಟರ್ ಕ್ಲಾಸ್‌ನ 1627ರ ಒಂದು ಚಿತ್ರ ಸಿಕ್ಕಿತು. ಬಿಳಿ ಬಟ್ಟೆ ಹಾಸಿದ ಮೇಜು, ಟರ್ಕಿ ಕೋಳಿಯ ಕಡುಬು, ಚೀನಾದ ಪಿಂಗಾಣಿ ಬಟ್ಟಲು, ಚಿಪ್ಪಿನಿಂದ ಮಾಡಿದ ಪಾನಪಾತ್ರೆ, ಸಿಪ್ಪೆ ಸುಲಿದ ನಿಂಬೆ. ಅದರ ನಡುವೆ, ಪಂಚಾಂಗದ ಹಾಳೆಯೊಂದನ್ನು ಸುರುಳಿ ಸುತ್ತಿ ಮಾಡಿದ ಮೆಣಸಿನ ಪೊಟ್ಟಣ.

ನಮ್ಮದು ಸಾಗರದ ಕಡೆಯ ಒಂದು ಊರು. ಅಪ್ಪನದು ಸಣ್ಣ ಕಿರಾಣಿ ಅಂಗಡಿ. ಪ್ಲಾಸ್ಟಿಕ್ ಕವರುಗಳು ಎಲ್ಲವನ್ನೂ ನುಂಗುವ ಮುಂಚೆ ನಾನು ಹಳೆಯ ಪೇಪರು, ಹಳೆಯ ಪಂಚಾಂಗ ಹರಿದು ಪೊಟ್ಟಣ ಕಟ್ಟಿಕೊಟ್ಟವಳು. ನಾಲ್ಕುನೂರು ವರ್ಷ ಹಿಂದಿನ ಹಾಲೆಂಡಿನ ಶ್ರೀಮಂತನ ಮೇಜಿನ ಮೇಲೆ ಅಪ್ಪನ ಅಂಗಡಿಯ ಪೊಟ್ಟಣ ನೋಡಿದ ಹಾಗಾಯಿತು. ಆ ವಾರವೇ ಹತ್ತಿರದ ಸ್ಟೇಷನರಿ ಅಂಗಡಿಯಿಂದ ಜಲವರ್ಣದ ಪೆಟ್ಟಿಗೆ ತಂದೆ. ಹಾಸ್ಟೆಲಿನ ಕಿಟಕಿಯಲ್ಲಿ ಒಂದು ನಿಂಬೆಹಣ್ಣು ಇಟ್ಟು ಶುರು ಮಾಡಿದೆ. ಆಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಅದೇ ಕೆಲಸ.

ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಇದನ್ನು ವಸ್ತುಚಿತ್ರ ಎಂದು ಕಲಿಸಿದ್ದರು. ಬಿಂದಿಗೆ, ಇಟ್ಟಿಗೆ, ಒಂದು ಬಾಳೆಹಣ್ಣು ಮೇಜಿನ ಮೇಲಿಟ್ಟು ನಲವತ್ತು ಮಕ್ಕಳನ್ನು ಸುತ್ತ ಕೂರಿಸುತ್ತಿದ್ದರು. ಎಲ್ಲರೂ ಬಿಂದಿಗೆಯ ಬಾಯಿಯನ್ನು ದುಂಡಗೆ ಬರೆಯುತ್ತಿದ್ದೆವು, ಏಕೆಂದರೆ ಅದು ದುಂಡಗಿದೆ ಎಂದು ನಮಗೆ ಗೊತ್ತಿತ್ತು. "ಗೊತ್ತಿರೋದನ್ನ ಬರೀಬೇಡ್ರೋ, ಕಾಣೋದನ್ನ ಬರೀರಿ" ಎಂದು ಮೇಷ್ಟ್ರು ಬೈಯುತ್ತಿದ್ದರು. ಕೂತ ಜಾಗದಿಂದ ಅದು ಚಪ್ಪಟೆಯಾದ ಅಂಡಾಕಾರ. ಆ ಒಂದು ಮಾತು ಅರ್ಥವಾಗಲು ನನಗೆ ಹದಿನೈದು ವರ್ಷ ಬೇಕಾಯಿತು. ನೆರಳು ಕಪ್ಪಲ್ಲ, ಅದರೊಳಗೆ ನೇರಳೆ ಇದೆ, ಪಕ್ಕದ ವಸ್ತುವಿನ ಬಣ್ಣ ಇದೆ. ಜಲವರ್ಣದಲ್ಲಿ ಹಿತ್ತಾಳೆಯ ಹೊಳಪಿಗೆ ನಾನು ಬಿಳಿ ಬಳಿಯುವುದಿಲ್ಲ, ಅಷ್ಟು ಜಾಗದ ಕಾಗದವನ್ನು ಮುಟ್ಟದೆ ಬಿಡುತ್ತೇನೆ. ಇಂಥವನ್ನು ಕಲಿಯುವಾಗ ಎರಡು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಫೆಲೋಶಿಪ್ ಬರದ ತಿಂಗಳುಗಳು, ಗೈಡ್ ವಾಪಸು ಕಳಿಸಿದ ಅಧ್ಯಾಯ, ಮದುವೆಯ ವಿಚಾರಕ್ಕೆ ಮನೆಯಿಂದ ಬರುವ ಫೋನು, ಎಲ್ಲವೂ ಒಂದು ನಿಂಬೆಹಣ್ಣಿನ ಹಿಂದೆ ಸರಿದು ನಿಲ್ಲುತ್ತವೆ.

*

ವಸ್ತುಚಿತ್ರಕ್ಕೆ ಕಲೆಯ ಇತಿಹಾಸದಲ್ಲಿ ಬಹುಕಾಲ ಕೆಳಗಿನ ಪಂಕ್ತಿ. ಡಚ್ಚರು ಅದನ್ನು ಸ್ಟಿಲ್‌ಲೇವನ್, ಅಂದರೆ ನಿಶ್ಚಲ ಬದುಕು ಎಂದರು. ಫ್ರೆಂಚರು ನಾತ್ಯೂರ್ ಮೋರ್ತ್, ಸತ್ತ ಪ್ರಕೃತಿ ಎಂದರು. ರೋಮಿನ ಪ್ಲಿನಿ ತನ್ನ ಗ್ರಂಥದಲ್ಲಿ ಪೀರೈಕೋಸ್ ಎಂಬ ಗ್ರೀಕ್ ಚಿತ್ರಕಾರನ ವಿಷಯ ಹೇಳುತ್ತಾನೆ. ಕ್ಷೌರದ ಅಂಗಡಿ, ಚಮ್ಮಾರರ ಅಂಗಡಿ, ಕತ್ತೆ, ತಿನ್ನುವ ಪದಾರ್ಥ, ಇಂಥವನ್ನೇ ಬರೆಯುತ್ತಿದ್ದ ಅವನಿಗೆ ಜನ 'ಕೊಳಕು ಬರೆಯುವವ' ಎಂಬ ಅರ್ಥದ ಅಡ್ಡಹೆಸರು ಇಟ್ಟಿದ್ದರಂತೆ. ಆದರೂ ಅವನ ಸಣ್ಣ ಚಿತ್ರಗಳು ಬೇರೆಯವರ ದೊಡ್ಡ ಚಿತ್ರಗಳಿಗಿಂತ ಹೆಚ್ಚಿನ ಬೆಲೆಗೆ ಹೋಗುತ್ತಿದ್ದವಂತೆ. 1667ರ ಫ್ರೆಂಚ್ ಅಕಾಡೆಮಿಯ ಉಪನ್ಯಾಸಗಳಿಗೆ ಮುನ್ನುಡಿ ಬರೆದ ಆಂದ್ರೆ ಫೆಲಿಬಿಯಾಂ ಈ ಶ್ರೇಣಿಯನ್ನು ನಿಯಮದ ಹಾಗೆ ಬರೆದಿಟ್ಟ. ಹಣ್ಣು, ಹೂವು, ಚಿಪ್ಪು ಬರೆಯುವವನು ಕೆಳಗೆ. ಜೀವಂತ ಪ್ರಾಣಿ ಬರೆಯುವವನು ಅವನಿಗಿಂತ ಮೇಲೆ. ಮನುಷ್ಯರನ್ನು ಬರೆಯುವವನು ಇನ್ನೂ ಮೇಲೆ. ಇತಿಹಾಸ, ಪುರಾಣಗಳ ದೊಡ್ಡ ಘಟನೆ ಬರೆಯುವವನು ಎಲ್ಲರಿಗಿಂತ ಮೇಲೆ. ಶ್ರೇಣಿ ಎಂದರೆ ಏನೆಂದು ನಮಗೆ ಯಾರೂ ವಿವರಿಸಬೇಕಿಲ್ಲ.

ನನಗೆ ಈ ಪ್ರಕಾರ ಇಷ್ಟವಾದದ್ದು ಆ ಕಾರಣಕ್ಕೇ. ರಾಜರು, ಯುದ್ಧಗಳು, ದೇವದೂತರು ತುಂಬಿದ ಗೋಡೆಗಳ ನಡುವೆ ಯಾರೋ ಒಬ್ಬರು ಎಲೆಕೋಸನ್ನು ಬರೆದರಲ್ಲ! ಸ್ಪೇನಿನ ಟೊಲೆಡೊ ಊರಿನ ಹುವಾನ್ ಸಾಂಚೆಜ್ ಕೊತಾನ್ ಸುಮಾರು 1602ರಲ್ಲಿ ಬರೆದ ಚಿತ್ರವೊಂದರಲ್ಲಿ ಕಿಟಕಿಯ ಚೌಕಟ್ಟು, ಅದರ ಹಿಂದೆ ಗಾಢ ಕತ್ತಲು. ದಾರದಲ್ಲಿ ತೂಗುಬಿಟ್ಟ ಒಂದು ಕ್ವಿನ್ಸ್ ಹಣ್ಣು, ಒಂದು ಎಲೆಕೋಸು; ಕೆಳಗೆ ಕತ್ತರಿಸಿದ ಕರಬೂಜ, ಒಂದು ಸೌತೆಕಾಯಿ. ಅಷ್ಟೆ. ತರಕಾರಿ ಕೆಡದಿರಲಿ ಎಂದು ಆ ಕಾಲದವರು ಹಾಗೆ ತೂಗುಹಾಕುತ್ತಿದ್ದರು, ನಮ್ಮ ಹಳೆಯ ಅಡುಗೆಮನೆಗಳ ನೆಲುವಿನ ಹಾಗೆ. ಆದರೆ ಚಿತ್ರದಲ್ಲಿ ಆ ಎಲೆಕೋಸು ಆಕಾಶಕಾಯದ ಹಾಗೆ ತೂಗುತ್ತದೆ. 1603ರಲ್ಲಿ ಕೊತಾನ್ ಎಲ್ಲ ಬಿಟ್ಟು ಮೌನವ್ರತಕ್ಕೆ ಹೆಸರಾದ ಕಾರ್ತೂಸಿಯನ್ ಸನ್ಯಾಸಿಗಳ ಮಠ ಸೇರಿದ. ಪ್ಯಾರಿಸಿನ ಶಾರ್ದಾಂ 1728ರಲ್ಲಿ ಅಕಾಡೆಮಿಗೆ ಸೇರಿದ್ದು 'ಪ್ರಾಣಿ ಮತ್ತು ಹಣ್ಣುಗಳ' ಚಿತ್ರಕಾರ ಎಂಬ ಕೆಳಗಿನ ಪಂಕ್ತಿಯಲ್ಲೇ. ಆದರೆ ಅವನ ತಾಮ್ರದ ಪಾತ್ರೆ, ಈರುಳ್ಳಿ, ಒಂದು ಲೋಟ ನೀರಿನ ಮುಂದೆ ದಿದೆರೊನಂಥ ತತ್ತ್ವಜ್ಞಾನಿ ಬೆರಗಾಗಿ ನಿಂತು ಬರೆದ.

ಇಂಥ ಚಿತ್ರಗಳ ಮುಂದೆ ನನಗೆ ಅನಿಸುತ್ತಿದ್ದುದಕ್ಕೆ ತತ್ತ್ವಶಾಸ್ತ್ರದಲ್ಲೂ ಬೆಂಬಲ ಸಿಕ್ಕಿತು. ಗಮನ ಕೊಡುವುದೇ ಒಂದು ಬಗೆಯ ಔದಾರ್ಯ ಎಂದು ನಂಬಿದವಳು ಸಿಮೋನ್ ವೇಲ್. ಅವಳಿಂದ ಕಲಿತ ಐರಿಸ್ ಮರ್ಡಾಕ್ 1970ರಲ್ಲಿ ಪ್ರಕಟವಾದ 'ದಿ ಸಾವರಿನ್‌ಟಿ ಆಫ್ ಗುಡ್' ಪುಸ್ತಕದಲ್ಲಿ ಒಂದು ಅತ್ತೆ–ಸೊಸೆಯ ಉದಾಹರಣೆ ಕೊಡುತ್ತಾಳೆ. ಅತ್ತೆಗೆ ಸೊಸೆ ಒರಟು, ಶಿಸ್ತಿಲ್ಲದವಳು ಅನಿಸುತ್ತದೆ. ಹೊರಗೆ ಅವಳು ಏನೂ ತೋರಿಸಿಕೊಳ್ಳುವುದಿಲ್ಲ. ಒಳಗೇ, ನಾನು ಹಳೆಯ ಕಾಲದವಳಿರಬಹುದು, ಮಗನ ಮೇಲಿನ ಮಮತೆಯಿಂದ ಹೊಟ್ಟೆಕಿಚ್ಚಿರಬಹುದು, ಇನ್ನೊಮ್ಮೆ ನೋಡೋಣ ಎಂದುಕೊಳ್ಳುತ್ತಾಳೆ. ಹಾಗೆ ಮತ್ತೆ ಮತ್ತೆ ನೋಡುತ್ತ ಹೋದಂತೆ ಸೊಸೆ ಒರಟಲ್ಲ, ಸರಳ. ಶಿಸ್ತಿಲ್ಲದವಳಲ್ಲ, ಲವಲವಿಕೆಯವಳು ಎಂದು ಕಾಣುತ್ತದೆ. ಹೊರಗಿನ ನಡವಳಿಕೆ ಒಂದಿಷ್ಟೂ ಬದಲಾಗಿಲ್ಲ. ಆದರೂ ಅತ್ತೆ ನೈತಿಕವಾದ ಒಂದು ಕೆಲಸ ಮಾಡಿದ್ದಾಳೆ ಎನ್ನುತ್ತಾಳೆ ಮರ್ಡಾಕ್. ನ್ಯಾಯವಾಗಿ ನೋಡುವುದೇ ಆ ಕೆಲಸ. ಕಲೆ, ಪ್ರಕೃತಿ ಇವುಗಳನ್ನು ಮೈಮರೆತು ನೋಡುವುದು ನಮ್ಮ 'ನಾನು' ಎಂಬುದನ್ನು ಸ್ವಲ್ಪ ಹೊತ್ತು ಬದಿಗೆ ಸರಿಸುತ್ತದೆ, ಆ ಅಭ್ಯಾಸ ಮನುಷ್ಯರನ್ನು ನೋಡುವಾಗಲೂ ಕೈಹಿಡಿಯುತ್ತದೆ ಎಂಬುದು ಅವಳ ವಾದ.

ಈ ವಾದವನ್ನು ನಾನು ಇಬ್ಬರು ಗೆಳತಿಯರಿಗೆ ಉತ್ಸಾಹದಿಂದ ವಿವರಿಸಿದ್ದೇನೆ. ಭಾನುವಾರದ ಎರಡು ಗಂಟೆ ವ್ಯರ್ಥವಲ್ಲ, ಅದು ನನ್ನ ಸಾಧನೆ ಎಂದು ಸಮಾಧಾನವನ್ನೂ ಪಟ್ಟುಕೊಂಡಿದ್ದೇನೆ. ಆಯುಧಪೂಜೆಯ ದಿನ ಆ ಸಮಾಧಾನ ಹೋಯಿತು. ಸೌಟಿನ ಮುಂದೆ ನಾನು ನನ್ನನ್ನು ಮರೆತಿದ್ದೆ, ನಿಜ. ಅದರ ಜೊತೆಗೇ ಅಮ್ಮನನ್ನೂ ಮರೆತಿದ್ದೆ.

*

ಹಾಸ್ಟೆಲಿಗೆ ಮರಳಿದ ಮೇಲೆ ಹಳೆಯ ಚಿತ್ರಗಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ವಸ್ತುಚಿತ್ರದ ಮೊದಲ ಷರತ್ತೇ ವಸ್ತುವನ್ನು ಬಳಕೆಯಿಂದ ಬಿಡಿಸುವುದು. ಬಳಸುತ್ತಿರುವ ವಸ್ತು ಒಂದು ಕಡೆ ನಿಲ್ಲುವುದಿಲ್ಲ. ಹಾಗಾದರೆ ಪ್ರತಿ ವಸ್ತುಚಿತ್ರದ ಹಿಂದೆಯೂ ಯಾರದೋ ಕೈಯಿಂದ ಏನನ್ನೋ ತೆಗೆದುಕೊಂಡು ಇಟ್ಟ ಒಂದು ಗಳಿಗೆ ಇರಲೇಬೇಕು. ಆ ಕೈಗಳು ಯಾರವು?

ಕ್ಲಾಸ್‌ನ ಮೇಜಿಗೇ ಮರಳಿದೆ. ಅಲ್ಲಿರುವುದರಲ್ಲಿ ಎಷ್ಟೋ ವಸ್ತುಗಳು ಹಡಗಿನಲ್ಲಿ ಬಂದವು. 1602ರಲ್ಲಿ ಸ್ಥಾಪನೆಯಾದ ಡಚ್ ಈಸ್ಟ್ ಇಂಡಿಯಾ ಕಂಪನಿ 1621ರಲ್ಲಿ ಜಾಯಿಕಾಯಿಗಾಗಿ ಬಾಂಡಾ ದ್ವೀಪಗಳನ್ನು ವಶಪಡಿಸಿಕೊಂಡಿತು. ಯಾನ್ ಪೀಟರ್ಸೂನ್ ಕೂನ್ ನಡೆಸಿದ ಆ ದಾಳಿಯಲ್ಲಿ, ಅದರ ಬೆನ್ನಿಗೆ ಬಂದ ಹಸಿವಿನಲ್ಲಿ ದ್ವೀಪದ ಬಹುಪಾಲು ಜನ ಸತ್ತರು. ಎಷ್ಟೋ ಜನರನ್ನು ಗುಲಾಮರಾಗಿ ಸಾಗಿಸಲಾಯಿತು. ಅದಾಗಿ ಆರು ವರ್ಷಕ್ಕೆ ಕ್ಲಾಸ್ ಈ ಚಿತ್ರ ಬರೆದ. ಅವನ ಮೆಣಸು ಯಾವ ಬಂದರಿನದೆಂದು ಚಿತ್ರ ಹೇಳುವುದಿಲ್ಲ. ಮಲಬಾರಿನದಿರಬಹುದು, ಜಾವಾ–ಸುಮಾತ್ರದ್ದಿರಬಹುದು. ಬಳ್ಳಿ ಹತ್ತಿ ಕೊಯ್ದವರು, ಕಾಳು ಬಿಡಿಸಿ ಒಣಗಿಸಿದವರು, ತಲೆಹೊರೆಯಲ್ಲಿ ಘಟ್ಟ ಇಳಿಸಿದವರು ಆ ಬಿಳಿ ಬಟ್ಟೆಯ ಸುತ್ತ ಎಲ್ಲೂ ಇಲ್ಲ. ಮೇಜು ತಾನಾಗಿಯೇ ಅಣಿಯಾದಂತಿದೆ. ನನ್ನ ಸಂಶೋಧನೆಯಲ್ಲೂ ಹೀಗೇ ಆಗುತ್ತಿತ್ತು ಎಂದು ಒಪ್ಪಿಕೊಳ್ಳಬೇಕು. ಕಂಡಿ ಲೆಕ್ಕದಲ್ಲಿ ಮೆಣಸು ಬರೆಯುತ್ತಿದ್ದೆ. ತಲೆಹೊರೆ ಎಂಬ ಪದ ನನ್ನ ಮೂರು ಅಧ್ಯಾಯಗಳಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಹತ್ತಿರದ ಕಾಲಕ್ಕೆ ಬಂದರೆ ಇಟಲಿಯ ಬೊಲೊನ್ಯದ ಜಾರ್ಜೊ ಮೊರಾಂಡಿ. ನನಗೆ ಬಹಳ ಪ್ರಿಯನಾದ ಚಿತ್ರಕಾರ. 1890ರಿಂದ 1964ರವರೆಗಿನ ಬದುಕಿನಲ್ಲಿ ಹೆಚ್ಚುಕಡಿಮೆ ಒಂದೇ ಮನೆ, ಒಂದೇ ಕೋಣೆ, ಅವೇ ಬಾಟಲಿಗಳು, ಡಬ್ಬಿಗಳು, ಹೂಜಿಗಳು. ಅವುಗಳ ಮೇಲೆ ಕೂತ ದೂಳನ್ನೂ ಒರೆಸದೆ ಬಿಡುತ್ತಿದ್ದ ಎಂದು ಅವನ ಕೋಣೆ ಕಂಡವರು ಬರೆದಿದ್ದಾರೆ. ಎಂಥ ತಪಸ್ಸು ಎಂದು ಮೆಚ್ಚಿಕೊಂಡಿದ್ದೆ. ಆ ಮನೆಯಲ್ಲಿ ಅವನ ಜೊತೆ ಮದುವೆಯಾಗದ ಮೂವರು ತಂಗಿಯರಿದ್ದರು. ಒಂದು ಕೋಣೆಯಲ್ಲಿ ದೂಳನ್ನು ಒರೆಸದೆ ಬಿಡಬೇಕಾದರೆ ಮಿಕ್ಕ ಕೋಣೆಗಳ ದೂಳನ್ನು ಯಾರೋ ಒರೆಸುತ್ತಿರಬೇಕಲ್ಲವೆ? ಇದರಿಂದ ಮೊರಾಂಡಿಯ ಬಾಟಲಿಗಳು ನನಗೆ ಕಡಿಮೆ ಸುಂದರವಾಗಲಿಲ್ಲ. ಅವುಗಳ ಹಿಂದೆ ಇನ್ನೊಂದು ಬಾಗಿಲು ಕಾಣತೊಡಗಿತು, ಅಷ್ಟೆ.

ಇದಕ್ಕೆ ವಿರುದ್ಧವಾದ ಒಂದು ಉದಾಹರಣೆಯೂ ಸಿಕ್ಕಿತು. 17ನೆಯ ಶತಮಾನದ ಆರಂಭದಲ್ಲಿ ಕ್ಲಾರಾ ಪೀಟರ್ಸ್ ಎಂಬ ಫ್ಲೆಮಿಶ್ ಚಿತ್ರಕಾರ್ತಿ ಇದ್ದಳು. ಬದುಕಿನ ದಾಖಲೆಗಳು ತೀರ ಕಡಿಮೆ. ಆ ಕಾಲದ ಹೆಂಗಸರಿಗೆ ಬತ್ತಲೆ ದೇಹವನ್ನು ನೋಡಿ ಬರೆಯುವ ತರಬೇತಿ ಇರಲಿಲ್ಲ. ಹಾಗಾಗಿ ಇತಿಹಾಸಚಿತ್ರದ ಮೇಲಿನ ಪಂಕ್ತಿಗೆ ಹೋಗುವ ದಾರಿಯೇ ಮುಚ್ಚಿತ್ತು. ಉಳಿದದ್ದು ಹೂವು, ಮೀನು, ಚೀಸು. ಅವಳು ತನ್ನ ಚಿತ್ರಗಳಲ್ಲಿ ಲೋಹದ ಹೂಜಿಯ ಮುಚ್ಚಳದ ಮೇಲೆ, ಪಾನಪಾತ್ರೆಯ ಉಬ್ಬುಗಳ ಮೇಲೆ, ತನ್ನದೇ ಪುಟ್ಟ ಪ್ರತಿಬಿಂಬವನ್ನು ಬರೆದಿದ್ದಾಳೆ. ಹತ್ತಿರ ಹೋಗಿ ಹುಡುಕಿದವರಿಗೆ ಮಾತ್ರ ಕಾಣುತ್ತದೆ. ಮೇಜಿನ ಅಂಚಿನ ಬೆಳ್ಳಿ ಚಾಕುವಿನ ಮೇಲೆ ತನ್ನ ಹೆಸರು ಕೆತ್ತಿದ ಹಾಗೆ ಬರೆದಿದ್ದಾಳೆ. ಮ್ಯಾಡ್ರಿಡ್ಡಿನ ಪ್ರಾಡೊ ಮ್ಯೂಸಿಯಂ ಒಬ್ಬ ಚಿತ್ರಕಾರ್ತಿಗೆಂದೇ ಮೊದಲ ಬಾರಿ ಪ್ರದರ್ಶನ ಏರ್ಪಡಿಸಿದ್ದು 2016ರಲ್ಲಿ, ಅದು ಇವಳದು. ಯಾರೂ ಇಲ್ಲದ ಮೇಜಿನ ಚಿತ್ರದಲ್ಲಿ, ಇಲ್ಲಿ ಒಬ್ಬಳಿದ್ದಾಳೆ ಎಂದು ಹೇಳುವ ದಾರಿಯನ್ನು ಅವಳು ಕಂಡುಕೊಂಡಿದ್ದಳು.

*

ಇಷ್ಟಕ್ಕೆ ಪರಿಹಾರ ಸುಲಭ ಅನಿಸಬಹುದು. ವಸ್ತುವನ್ನು ನೋಡುವಾಗ ಅದರ ಹಿಂದಿನ ಕೈಗಳನ್ನೂ ನೆನೆಯಿರಿ, ಮುಗಿಯಿತು. ಆದರೆ ನೆನೆಯುವುದರಲ್ಲೂ ಒಂದು ಅಪಾಯವಿದೆ.

ವ್ಯಾನ್ ಗೋ 1886ರಲ್ಲಿ ಒಂದು ಜೊತೆ ಹಳೆಯ ಬೂಟುಗಳನ್ನು ಬರೆದ. 1930ರ ದಶಕದಲ್ಲಿ ಜರ್ಮನಿಯ ತತ್ತ್ವಜ್ಞಾನಿ ಹೈಡೆಗರ್ ಕಲೆಯ ಕುರಿತ ತನ್ನ ಪ್ರಬಂಧದಲ್ಲಿ ಆ ಚಿತ್ರದ ಬಗ್ಗೆ ಬರೆಯುತ್ತ, ಅವು ರೈತ ಹೆಂಗಸೊಬ್ಬಳ ಬೂಟುಗಳು ಎಂದುಕೊಂಡು, ಅವಳ ದುಡಿಮೆ, ಹೊಲ, ಒಂಟಿತನ, ಸಾವಿನ ಭಯ ಎಲ್ಲವನ್ನೂ ಆ ಬೂಟಿನ ಬಾಯಿಯ ಕತ್ತಲಲ್ಲಿ ಕಂಡ. ಸಾಧನವೊಂದರ ನಿಜ ನಮಗೆ ತಿಳಿಯುವುದು ಬಳಕೆಯಲ್ಲಿ. ಬಳಸುವವಳು ಅದನ್ನು ನೋಡುತ್ತ ಕೂರುವುದಿಲ್ಲ, ಅದರ ಮೇಲೆ ಭರವಸೆಯಿಟ್ಟು ನಡೆಯುತ್ತಾಳೆ ಎಂಬುದು ಅವನ ಒಳನೋಟ. 1968ರಲ್ಲಿ ಕಲಾ ಇತಿಹಾಸಕಾರ ಮೇಯರ್ ಶಾಪಿರೋ ಒಂದು ಸರಳ ಪ್ರಶ್ನೆ ಕೇಳಿದ. ಯಾವ ರೈತ ಹೆಂಗಸು? ಆಗ ಪಟ್ಟಣವಾಸಿಯಾಗಿದ್ದ ವ್ಯಾನ್ ಗೋ ಬರೆದದ್ದು ತನ್ನದೇ ಬೂಟುಗಳನ್ನು ಎಂದು ವಾದಿಸಿದ. ಯಾರು ಸರಿ ಎಂಬ ಜಗಳ ಇನ್ನೂ ಮುಗಿದಿಲ್ಲ. ನನಗೆ ಮುಖ್ಯವಾದದ್ದು ಬೇರೆ. ಹೈಡೆಗರನ ಆ ಹೆಂಗಸು ಮನಕಲಕುವ ಹಾಗಿದ್ದಾಳೆ, ಆದರೆ ಅವಳು ಒಂದು ಮಾತನ್ನೂ ಆಡುವುದಿಲ್ಲ. ಆಡಲು ಅವಳು ಇರಲೇ ಇಲ್ಲ.

ನಾನೂ ಅಂಥದೇ ಹೆಂಗಸನ್ನು ಕಲ್ಪಿಸಿಕೊಳ್ಳುತ್ತಿದ್ದೆ ಎಂದು ಈಗ ಅನಿಸುತ್ತದೆ. ಸೌಟಿನ ಕಪ್ಪಿನಲ್ಲಿ ಅಮ್ಮನ ಮೂವತ್ತು ವರ್ಷಗಳ ದುಡಿಮೆ ಇದೆ ಎಂದು ನನ್ನ ಸ್ಕೆಚ್ ಪುಸ್ತಕದ ಅಂಚಿನಲ್ಲಿ ಮೊದಲ ದಿನವೇ ಬರೆದುಕೊಂಡಿದ್ದೆ. ಅಂದರೆ ಕೈಗಳನ್ನು ನೆನೆದಿದ್ದೆ. ಹತ್ತು ಹೆಜ್ಜೆ ಆಚೆ, ಅಡುಗೆಮನೆಯಲ್ಲಿ, ನಿಜವಾದ ಕೈ ಸಡಿಲ ಹಿಡಿಯ ಬಾಣಲೆ ಎತ್ತುತ್ತಿತ್ತು.

ಇನ್ನೂ ಒಂದು ವಿಷಯ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ. ಆ ಸೌಟಿನಲ್ಲಿ ನಾನು ಒಮ್ಮೆಯೂ ಒಗ್ಗರಣೆ ಹಾಕಿದವಳಲ್ಲ. ಚಿಕ್ಕಂದಿನಲ್ಲಿ ಅಡುಗೆಮನೆಗೆ ಹೋದರೆ ಅಮ್ಮ, "ನಿಂಗೇನಿಲ್ಲಿ ಕೆಲಸ, ಓದ್ಕೋ ಹೋಗು" ಎಂದು ಅಟ್ಟುತ್ತಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ, ಪಿಯುಸಿಯಲ್ಲಿ, ಎಂ.ಎ.ಯಲ್ಲಿ, ಪ್ರತಿ ಪರೀಕ್ಷೆಯ ಮುಂದೆಯೂ ಅದೇ ಮಾತು. ತನ್ನನ್ನು ಏಳನೇ ಕ್ಲಾಸಿಗೆ ಬಿಡಿಸಿ ಒಲೆಯ ಮುಂದೆ ಕೂರಿಸಿದ್ದನ್ನು ಅವಳು ಮರೆತಿರಲಿಲ್ಲ. ನನಗೆ ಆ ಅಡುಗೆಮನೆ ಬೆಳಕು, ನೆರಳು, ಹಿತ್ತಾಳೆ, ಮಸಿಯ ಚೆಲುವಾಗಿ ಕಾಣುವುದು ನಾನು ಅಲ್ಲಿ ದುಡಿಯಬೇಕಾಗಿ ಬಂದಿಲ್ಲ ಎಂಬ ಕಾರಣಕ್ಕೆ. ನೋಡುತ್ತ ಕೂರುವ ಬಿಡುವನ್ನು ನನಗೆ ಸಂಪಾದಿಸಿ ಕೊಟ್ಟವಳು ಅವಳು. ಆ ಬಿಡುವಿನಲ್ಲಿ ನಾನು ಕುಳಿತು ಅವಳ ಸೌಟನ್ನೇ ತೆಗೆದುಕೊಂಡಿದ್ದೆ.

*

ಆಯುಧಪೂಜೆಯ ಆ ಬೆಳಿಗ್ಗೆಗೆ ಮರಳುತ್ತೇನೆ. ಸೌಟನ್ನು ತೆಗೆದುಕೊಂಡು ಹೋದ ಅಮ್ಮ ಅದನ್ನು ಬೂದಿ ಹಾಕಿ ಉಜ್ಜಿ, ತೊಳೆದು, ಅರಿಶಿನ ಕುಂಕುಮ ಹಚ್ಚಿ ಈಳಿಗೆಮಣೆಯ ಪಕ್ಕದಲ್ಲಿಟ್ಟಳು. ಒಂದು ಚೆಂಡುಹೂವು ಇಟ್ಟಳು. ಪೂಜೆಗೆ ಇಟ್ಟದ್ದನ್ನು ನಮ್ಮ ಮನೆಯಲ್ಲಿ ಆ ದಿನ ಬಳಸುವುದಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಇದೂ ಒಂದು ವಸ್ತುಚಿತ್ರವೇ. ಬಳಕೆಯಿಂದ ಬಿಡಿಸಿ, ಒಂದು ಕ್ರಮದಲ್ಲಿ ಜೋಡಿಸಿ, ಯಾರೂ ಮುಟ್ಟದ ಹಾಗೆ ಇಟ್ಟು, ಎದುರು ಕೂತು ನೋಡುವುದು. ಆದರೆ ಇಲ್ಲಿ ಜೋಡಿಸಿದ್ದು ವರ್ಷವಿಡೀ ಅವನ್ನು ಹಿಡಿದ ಕೈ. ಬಿಡುವು ಸೌಟಿಗೂ ಇತ್ತು, ಕೈಗೂ ಇತ್ತು. ಹಾಗೆಂದು ಈ ಹಬ್ಬವನ್ನು ಹಾಡಿಹೊಗಳಲಾರೆ. ಪೂಜೆ ಮುಗಿದ ಮೇಲೆ ಹಬ್ಬದಡುಗೆ ಮಾಡಿದ್ದು, ಆ ಸಡಿಲ ಬಾಣಲೆಯಲ್ಲೇ ಒಗ್ಗರಣೆ ಹಾಕಹೊರಟದ್ದು ಮತ್ತೆ ಅವಳೇ. ಆ ದಿನ ಮಾತ್ರ ಬಾಣಲೆಯನ್ನು ಇಕ್ಕಳದಿಂದ ಹಿಡಿದು ನಾನು ಹಾಕಿದೆ. ಸಾಸಿವೆ ಸಿಡಿಯುವ ಮುಂಚೆಯೇ ಕರಿಬೇವು ಹಾಕಿ ಬೈಸಿಕೊಂಡೆ.

ಮಧ್ಯಾಹ್ನ ಅಮ್ಮ ಕೈಗೆ ತೆಂಗಿನೆಣ್ಣೆ ಹಚ್ಚಿಸಿಕೊಳ್ಳುತ್ತ ನನ್ನ ಮುಗಿಯದ ಚಿತ್ರವನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಚೆಂಬು ಚೆನ್ನಾಗಿ ಬಂದಿದೆ ಎಂದಳು. ಆಮೇಲೆ, "ಸೌಟಿನ ಹಿಡಿ ಸರಿಯಿಲ್ಲ. ಹಿಂಗಿದ್ರೆ ಎಣ್ಣೆಯೆಲ್ಲ ಚೆಲ್ಲಿ ಹೋಗುತ್ತೆ" ಎಂದಳು.

ನಾನು ಸೌಟನ್ನು ತಂದು ಪಕ್ಕದಲ್ಲಿ ಹಿಡಿದೆ. ನಿಜವಾದ ಸೌಟಿನ ಹಿಡಿ ಬುಡದಲ್ಲಿ ಸ್ವಲ್ಪ ಎಡಕ್ಕೆ ಬಾಗಿದೆ. ಅದು ನನಗೆ ಮೊದಲ ದಿನವೇ ಕಂಡಿತ್ತು. ಹಳೆಯದಾಗಿ ಸೊಟ್ಟಗಾಗಿದೆ ಎಂದುಕೊಂಡು, ಚಿತ್ರದಲ್ಲಿ ನೇರ ಮಾಡಿದ್ದೆ. ನೇರ ಗೆರೆ ಚೆಂಬಿನ ಅಂಚಿಗೆ ಚೆನ್ನಾಗಿ ಹೊಂದುತ್ತಿತ್ತು. ಅಮ್ಮ ಹೇಳಿದಳು: ತಂದಾಗ ಹಿಡಿ ನೇರವೇ ಇತ್ತು, ಎಣ್ಣೆ ಹೊಯ್ಯುವಾಗ ಒಂದು ಕಡೆಗೆ ವಾಲುತ್ತಿತ್ತು, ಮದುವೆಯಾಗಿ ಬಂದ ಹೊಸತರಲ್ಲಿ ತಾನೇ ಒರಳುಕಲ್ಲಿನ ಮೇಲಿಟ್ಟು ಬಡಿದು ಬಾಗಿಸಿಕೊಂಡದ್ದು, ಈಗ ಮಣಿಕಟ್ಟು ತಿರುಗಿಸದೆ ಒಗ್ಗರಣೆ ಸುರಿಯಬಹುದು. ಸುರಿದು ತೋರಿಸಿದಳು, ಖಾಲಿ ಸೌಟಿನಲ್ಲಿ.

ಗೊತ್ತಿರುವುದನ್ನು ಬರೆಯಬೇಡ, ಕಾಣುವುದನ್ನು ಬರೆ ಎಂದು ಕಲಿತವಳು ನಾನು. ಕಂಡದ್ದನ್ನೂ ತಿದ್ದಿದ್ದೆ. ಆ ಬಾಗು ಕಂಡಾಗ, ಇದೇಕೆ ಹೀಗಿದೆ ಎಂದು ಕೇಳಿದ್ದರೆ ಸಾಕಿತ್ತು. ಕೇಳಬೇಕಾದವಳು ಹತ್ತು ಹೆಜ್ಜೆಯ ಆಚೆ ಇದ್ದಳು.

ಮರ್ಡಾಕ್ ಹೇಳಿದ್ದು ಸುಳ್ಳು ಎಂದು ನಾನೀಗಲೂ ಅನ್ನಲಾರೆ. ನೋಡುವ ಅಭ್ಯಾಸ ಇಲ್ಲದಿದ್ದರೆ ಆ ಬೊಬ್ಬೆಗಳು ನಾಲ್ಕನೆಯ ದಿನವೂ ನನಗೆ ಕಾಣುತ್ತಿರಲಿಲ್ಲವೇನೊ. ಆದರೆ ಅವಳ ಅತ್ತೆ ಸೊಸೆಯನ್ನು ನೋಡುತ್ತ ನೋಡುತ್ತ ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತಾಳೆ. ಒಮ್ಮೆಯೂ ಸೊಸೆಯನ್ನು ಕೇಳುವುದಿಲ್ಲ. ವಸ್ತುವಿಗೆ ಬಾಯಿಲ್ಲ, ಆದ್ದರಿಂದ ಅದರ ಮುಂದೆ ಮೌನವಾಗಿ ನೋಡುವುದೇ ದಾರಿ. ಆ ಅಭ್ಯಾಸವನ್ನು ಹಾಗೆಯೇ ಮನುಷ್ಯರ ಬಳಿಗೆ ಒಯ್ದರೆ, ಬಾಯಿರುವವರನ್ನೂ ಬಾಯಿಲ್ಲದವರಂತೆ ನೋಡಿಬಿಡುತ್ತೇವೆ. ನೋಡುವುದರ ಜೊತೆಗೆ ಕೇಳುವುದೂ, ತೆಗೆದುಕೊಂಡದ್ದನ್ನು ಹೊತ್ತಿಗೆ ಸರಿಯಾಗಿ ಹಿಂದಕ್ಕೆ ಕೊಡುವುದೂ ಸೇರಿದರೆ ಮಾತ್ರ ನನ್ನ ಭಾನುವಾರಗಳಿಗೆ ನಾನು ಹೇಳಿಕೊಳ್ಳುತ್ತಿದ್ದ ಬೆಲೆ ಬರುತ್ತದೆ ಎಂದು ಈಗ ಅನಿಸಿದೆ.

ಚಿತ್ರ ಬಿಟ್ಟಿಲ್ಲ. ಊರಿಗೆ ಹೋದಾಗ ಅಡುಗೆಮನೆಯ ಸಾಮಾನನ್ನು ಊಟ ಮುಗಿದು ಪಾತ್ರೆ ತೊಳೆದ ಮೇಲೆ, ಸಂಜೆ ಕಾಫಿಗೆ ಮುಂಚೆ ಬರೆಯುತ್ತೇನೆ. ಆ ಹೊತ್ತಿನ ಬೆಳಕು ಅಷ್ಟು ಚೆನ್ನಾಗಿಲ್ಲ, ಪಡುವಣ ಬಿಸಿಲು ಎಲ್ಲವನ್ನೂ ಹಳದಿ ಮಾಡುತ್ತದೆ. ಪಾತ್ರೆ ತೊಳೆಯುವುದು ನನ್ನ ಪಾಲು. ಸಂಶೋಧನೆಯ ಎರಡನೆಯ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ, ಮೆಣಸು ಹೊತ್ತವರ ಬಗ್ಗೆ ದಾಖಲೆಗಳಲ್ಲಿ ಏನಾದರೂ ಸಿಕ್ಕೀತೇ ಎಂದು. ಗೈಡ್ ಇದರಿಂದ ಒಂದು ವರ್ಷ ತಡವಾಗುತ್ತದೆ ಎಂದಿದ್ದಾರೆ. ಆಗಬಹುದು.

ಸೌಟಿನ ಚಿತ್ರವನ್ನು ಜನವರಿಯಲ್ಲಿ ಮತ್ತೊಮ್ಮೆ ಬರೆದೆ, ಅದು ಮೊಳೆಗೆ ನೇತಾಡುತ್ತಿರುವಾಗಲೇ, ನಾನೇ ಅಡುಗೆಮನೆಯ ನೆಲದ ಮೇಲೆ ಕೂತು. ಎರಡು ಬಾರಿ ಅಮ್ಮ ಅದನ್ನು ತೆಗೆದುಕೊಂಡು ಒಗ್ಗರಣೆ ಹಾಕಿ ಮತ್ತೆ ನೇತುಹಾಕಿದಳು. ಪ್ರತಿ ಸಲ ಬೇರೆ ಕೋನದಲ್ಲಿ ನಿಂತಿತು, ನೆರಳು ಸೇರಲಿಲ್ಲ. ಚಿತ್ರ ಅಷ್ಟೇನೂ ಚೆನ್ನಾಗಿ ಬಂದಿಲ್ಲ. ಹಿಡಿಯ ಬಾಗು ಮಾತ್ರ ಸರಿಯಿದೆಯಂತೆ.